ಕೋಡಿ ನೀರಿನ ಲೆಕ್ಕ

ಮೇಲಿನ ಕೆರೆ ಕೋಡಿ ಬೀಳದೆ ಕೆಳಗಿನ ಕೆರೆಗೆ ನೀರಿಲ್ಲ. ಕೋಲಾರ ಸೀಮೆಯಲ್ಲಿ ದನ ಕಾಯುವ ಹುಡುಗನಿಗೂ ಇದು ಗೊತ್ತು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಮ್ಮ ಕಡೆಯ ಬೆಟ್ಟಗುಡ್ಡಗಳಲ್ಲಿ ಹುಟ್ಟಿ ಆಂಧ್ರಕ್ಕೆ, ತಮಿಳುನಾಡಿಗೆ ಹೋಗುವ ನದಿಗಳು. ಹುಟ್ಟಿದ ಸೀಮೆಯಲ್ಲಿ ಅವು ನದಿಯ ಹಾಗೆ ಕಾಣುವುದೇ ಇಲ್ಲ. ಸಾಲು ಸಾಲು ಕೆರೆಗಳಾಗಿ ಕಾಣುತ್ತವೆ.

1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆಗೆ ಇವನದೇ ಹೆಸರು) ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅಂದ. ಕಟ್ಟಿದರೂ ಕೆಳಗಿನ ಇನ್ನೊಂದು ಕೆರೆಯ ನೀರು ತಪ್ಪಿಸಿದ ಹಾಗೆ ಅಂತಲೂ ಬರೆದಿಟ್ಟ. ಬಿಳಿ ದೊರೆ ಕಂಡುಕೊಂಡ ಈ ಸತ್ಯ ನಮ್ಮವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಬರೆದಿಡಲು ಅಕ್ಷರ ಇರಲಿಲ್ಲ, ಅಷ್ಟೆ.

1892ರಲ್ಲಿ ಮದರಾಸು, ಮೈಸೂರು ಸರ್ಕಾರಗಳು ಒಪ್ಪಂದ ಮಾಡಿಕೊಂಡವು. 15 ನದಿಗಳ ಪಟ್ಟಿ ಮಾಡಿ, ಮದರಾಸನ್ನು ಕೇಳದೆ ಮೈಸೂರು ಅವುಗಳಿಗೆ ಅಡ್ಡಲಾಗಿ ಹೊಸ ಜಲಾಶಯ ಕಟ್ಟಬಾರದು ಅಂತ ಬರೆದರು. ಕಾವೇರಿಯ ಜೊತೆ ನಮ್ಮ ಪಾಲಾರೂ, ಎರಡು ಪಿನಾಕಿನಿಗಳೂ ಅದರಲ್ಲಿವೆ. ಕಾವೇರಿ ಜಗಳ ಅಂದರೆ ಎಲ್ಲರೂ ಈ ಕಾಗದವನ್ನು ತೆಗೆಯುತ್ತಾರೆ. ಅನ್ಯಾಯದ ಕಾಗದ ಅಂತ ಬೈಯುತ್ತಾರೆ. ಇರಬಹುದು. ಆದರೆ ಕೆಳಗಿರುವವನಿಗೂ ನೀರಿನಲ್ಲಿ ಪಾಲುಂಟು ಅನ್ನುವ ಮಾತು ಅದರಲ್ಲಿತ್ತು. ನಮ್ಮ ಕೇರಿಯ ಪಾಲಿಗೆ ಅಂಥ ಒಂದು ಕಾಗದವನ್ನು ಯಾವ ದೊರೆಯೂ ಬರೆಯಲಿಲ್ಲ.

ನನ್ನ ತಾತ ನೀರಗಂಟಿ. ತೂಬು ಎತ್ತುವುದು, ಕಾಲುವೆ ಸರಿ ಮಾಡುವುದು, ಗದ್ದೆಗೆ ಗದ್ದೆ ಅಳೆದು ನೀರು ಬಿಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು ಅವನ ಕೂಲಿ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಕಡೇ ಗದ್ದೆ ನೋಡಿ ಬಂದೇ ಅವನು ತೂಬಿಗೆ ಕೈ ಹಾಕುತ್ತಿದ್ದನಂತೆ. ಊರಿನ ನೀರೆಲ್ಲ ಅವನ ಕೈಲಿ. ಊರ ಬಾವಿಯ ಹತ್ತಿರ ಮಾತ್ರ ಅಜ್ಜಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹುಯ್ಯಲಿ ಅಂತ ಕಾಯಬೇಕು. 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಚೌಡರ್ ಕೆರೆಯ ನೀರು ಕುಡಿದ ಎಷ್ಟೋ ವರ್ಷದ ಮೇಲಿನ ಮಾತಿದು.

1961ರಲ್ಲಿ ಕಾಯ್ದೆಯಾಗಿ, 1963ರಲ್ಲಿ ಗ್ರಾಮ ಹುದ್ದೆಗಳು ರದ್ದಾದವು. ಪಟೇಲ, ಶಾನುಭೋಗರ ಜೊತೆ ತೋಟಿ, ತಳವಾರ, ನೀರಗಂಟಿಯೂ ಹೋದರು. ಬಿಟ್ಟಿ ಚಾಕರಿ ಹೋಯಿತಲ್ಲ, ಸಂತೋಷವೇ. ಆದರೆ ಕಡೇ ಗದ್ದೆ ನೋಡಿ ಬರುವ ಕಣ್ಣೂ ಹೋಯಿತು. ಆಮೇಲೆ ಬೋರ್‌ವೆಲ್ ಬಂತು. ನೀರು ಕೊರೆಸಿದವನದ್ದಾಯಿತು.

ಈಗ ನೀರುಳಿಸುವ ಕಾಲ. ಹನಿ ನೀರಾವರಿಗೆ ಸಬ್ಸಿಡಿ ಇದೆ, ಪಹಣಿ ಇದ್ದವನಿಗೆ. ಹಿಂದೆ ಹಾಯಿಸಿದ ನೀರಿನಲ್ಲಿ ಪೈರು ಕುಡಿದದ್ದು ಒಂದಿಷ್ಟು, ಬಿಸಿಲಿಗೆ ಆರಿದ್ದು ಒಂದಿಷ್ಟು. ಮಿಕ್ಕಿದ್ದು ಬಸಿದು ಕೆಳಗಿನ ಬಾವಿಗೆ, ಹಳ್ಳಕ್ಕೆ ಇಳಿಯುತ್ತಿತ್ತು. ಅದನ್ನು ಪೋಲು ಅಂತಾರೆ. ಆ ಪೋಲಿನಲ್ಲೇ ನಮ್ಮ ಹೆಂಗಸರು ಹಳ್ಳದ ಮರಳು ತೋಡಿ ಒರತೆ ನೀರು ತಂದದ್ದು, ಎಮ್ಮೆ ಮೈ ತೊಳೆದದ್ದು. ಪೈಪು ಆ ಬಸಿಯನ್ನು ನಿಲ್ಲಿಸಿತು. ಸರಿ, ಉಳಿದ ನೀರು ಭೂಮಿಯಲ್ಲೇ ಇದ್ದರೆ ಮಾತಾಡುವುದಿಲ್ಲ. ಅದರಲ್ಲಿ ಅದೇ ಸಾಹುಕಾರ ಇನ್ನೆರಡು ಎಕರೆ ಟೊಮೇಟೊ ಇಟ್ಟ. ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ನಿಲ್ಲಿಸುವವರು ಯಾರು? ಪೈರು ಕುಡಿದ ನೀರು ಹೆಚ್ಚೇ ಆಯಿತು, ಹಳ್ಳಕ್ಕೆ ಇಳಿದದ್ದು ಸೊನ್ನೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ ತುಂಬಿತು. ಹಿಂದೆ ಈ ನೀರು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಕಡೆಗೆ ಹೋಗುತ್ತಿತ್ತು. ನಮಗೆ ಬಂದದ್ದು ಅಲ್ಲಿಗೆ ಹೋಗುವುದರಲ್ಲಿ ಕಡಿಮೆಯಾದದ್ದು. ಅಲ್ಲಿಯೂ ಹೊಳೆಯ ಪಕ್ಕ ಒಂದು ಕೇರಿ ಇರುತ್ತದೆ, ಅವರನ್ನು ಯಾರೂ ಕೇಳಿರಲಾರರು.

ನಮ್ಮೂರ ಕೆರೆಗೂ ಆ ನೀರು ಬಂದ ವರ್ಷ ತಾತನನ್ನು ಏರಿ ಮೇಲೆ ಕರೆದುಕೊಂಡು ಹೋಗಿದ್ದೆ. ಬಹಳ ಹೊತ್ತು ನೋಡಿದ.

"ತೂಬು ಯಾವಾಗ ಎತ್ತಾರಪ್ಪಾ?"

"ಎತ್ತಲ್ಲ ತಾತ. ಈ ನೀರ್ನ ನೇರ ಗದ್ದೆಗೆ ಬಿಡಂಗಿಲ್ಲ. ಭೂಮಿಗೆ ಇಂಗಿ ಬೋರಿಗೆ ಹೋಗ್ತದೆ."

"ಬೋರು ಯಾರ್ದೋ?" ಅಂದ.