ಪರದೇಶದ ಯುದ್ಧ ಮತ್ತು ನಮ್ಮ ಸಂಸತ್ತು

ಅನ್ಯದೇಶದ ಯುದ್ಧದಿಂದ ಸೇನೆಯನ್ನು ಹಿಂದಕ್ಕೆ ಕರೆಸಿರೆಂದು ಜನಪ್ರತಿನಿಧಿಗಳನ್ನು ಒತ್ತಾಯಿಸುವುದು ಅಮೆರಿಕೆಯವರ ಪರಿಪಾಠವೆಂದು ನಮ್ಮಲ್ಲಿ ಹಲವರ ಎಣಿಕೆ. ಕುಷಾಯಿಗೂಡದ ಕನ್ನಡಿಗರಿಗಾದರೋ ಈ ವಿಷಯ ಹತ್ತಿರದ್ದೇ ಆಗಿದೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದೊಡನೆ ಜಾಫ್ನಾಕ್ಕೆ ಮೊದಲು ತೆರಳಿದ್ದು ನೆರೆಯ ಸಿಕಂದರಾಬಾದ್ ದಂಡಿನ 54ನೇ ಪದಾತಿ ಡಿವಿಷನ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ಯೋಧರೂ ಆ ಸೇನೆಯಲ್ಲಿದ್ದರು.

ಶಾಂತಿ ಪಾಲನೆಗೆಂದು ಹೋದ ಪಡೆ ಅಕ್ಟೋಬರ್ ತಿಂಗಳಲ್ಲಿ ಎಲ್‌ಟಿಟಿಇಯೊಡನೆ ನೇರ ಯುದ್ಧಕ್ಕಿಳಿಯಬೇಕಾಯಿತು. ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೆಲಿಕಾಪ್ಟರಿನಿಂದ ಇಳಿದ 30 ಸಿಖ್ ಯೋಧರಲ್ಲಿ 29 ಮಂದಿ ಒಂದೇ ಕಾರ್ಯಾಚರಣೆಯಲ್ಲಿ ಮಡಿದರು. ನವೆಂಬರ್ 25ರಂದು ಮೇಜರ್ ರಾಮಸ್ವಾಮಿ ಪರಮೇಶ್ವರನ್ ವೀರಮರಣವನ್ನಪ್ಪಿದರು; ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಒಟ್ಟು ಬಲಿಯಾದ ಭಾರತೀಯ ಯೋಧರು ಸುಮಾರು 1,200.

ಸೇನೆ ಮರಳಿದ ಬಗೆ ಗಮನಾರ್ಹ. 1989ರ ಜೂನ್‌ನಲ್ಲಿ ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅವರೇ ಜುಲೈ ಅಂತ್ಯದೊಳಗೆ ತೆರವು ಮಾಡಿರೆಂದರು. ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾದರು, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹೊರಟಿತು. ಮದರಾಸಿನಲ್ಲಿ ಯೋಧರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಆಜ್ಞೆ ಪಾಲಿಸಿ ಬಂದವರಿಗೆ ಇದು ಸಲ್ಲದ ಅವಮಾನವೆಂದೇ ನನ್ನ ಅಭಿಪ್ರಾಯ. ಸೇನೆಯ ರವಾನೆಗೆ ಸಂಸತ್ತು ಮತ ಹಾಕಿರಲಿಲ್ಲ, ವಾಪಸಾತಿಗೂ ಹಾಕಲಿಲ್ಲ.

ಇದು ನಿಯಮೋಲ್ಲಂಘನೆಯೇನೂ ಅಲ್ಲ. ಸೇನೆಯನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಸದನದ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಬಳಿಕ, ಅಧ್ಯಕ್ಷ ನಿಕ್ಸನ್ ಅವರ ನಿರಾಕರಣೆಯನ್ನೂ ಮೀರಿ, 1973ರಲ್ಲಿ ಒಂದು ಕಾಯ್ದೆ ಬಂತು. ಕಾಂಗ್ರೆಸ್ಸಿನ ಅನುಮತಿ ದೊರೆಯದಿದ್ದರೆ 60 ದಿನಗಳ ನಂತರ ಕಾರ್ಯಾಚರಣೆ ನಿಲ್ಲಬೇಕೆಂಬುದು ಅದರ ಸಾರ. ಅಲ್ಲಿನ ಅಧ್ಯಕ್ಷರು ಅದರಿಂದ ನುಣುಚಿಕೊಂಡದ್ದೂ ಉಂಟು, ಆದರೂ ಪ್ರಶ್ನಿಸಲು ಒಂದು ಆಧಾರವಾದರೂ ಇದೆ.

ನಮ್ಮ ಸಂಸತ್ತು ಮಾತನಾಡಿದಾಗ ಪರಿಣಾಮವಾಗಿದೆ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಯುದ್ಧವನ್ನು ಖಂಡಿಸಿ, ಮಿತ್ರಪಡೆಗಳು ಹಿಂದೆ ಸರಿಯಬೇಕೆಂದು ನಿರ್ಣಯಿಸಿತು. ಅಮೆರಿಕ ಭಾರತದಿಂದ ಒಂದು ಡಿವಿಷನ್‌ನಷ್ಟು ಸೈನಿಕರನ್ನು ಬಯಸಿತ್ತು. ವಾಜಪೇಯಿ ಸರ್ಕಾರ ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸಲಾಗದೆಂದು ತಿಳಿಸಿತು. ಆ ನಿರ್ಣಯ ಇಲ್ಲದಿದ್ದರೆ ಸರ್ಕಾರಕ್ಕೆ ಹಾಗೆನ್ನುವುದು ಕಷ್ಟವಾಗುತ್ತಿತ್ತು.

ಕುಷಾಯಿಗೂಡವೂ ಸಿಕಂದರಾಬಾದ್ ದಂಡು ಪ್ರದೇಶವೂ ಮಲ್ಕಾಜ್‌ಗಿರಿ ಲೋಕಸಭಾ ಕ್ಷೇತ್ರಕ್ಕೇ ಸೇರಿವೆ. ಆದ್ದರಿಂದ ನಮ್ಮ ಸಂಸದರಿಗೆ ಪತ್ರ ಬರೆದು ಕೇಳಬೇಕಾದದ್ದಿಷ್ಟು: ಹೊರದೇಶದ ಯುದ್ಧಕ್ಕೆ ಸೇನೆ ಹೊರಟರೆ ಗೊತ್ತಾದ ಅವಧಿಯೊಳಗೆ ಉಭಯ ಸದನಗಳ ಒಪ್ಪಿಗೆ ಕಡ್ಡಾಯವಾಗಲಿ, ಒಪ್ಪಿಗೆ ದೊರೆಯದಿದ್ದರೆ ಸೇನೆ ಮರಳಲಿ. ಶುಕ್ರವಾರದ ಖಾಸಗಿ ಸದಸ್ಯರ ಕಲಾಪದಲ್ಲಿ ಇಂಥ ಮಸೂದೆ ಮಂಡಿಸಬಹುದು. ಹಾಗೆ ಮಂಡಿಸಿದ ಮಸೂದೆಗಳಲ್ಲಿ ಸ್ವಾತಂತ್ರ್ಯಾನಂತರ ಅಂಗೀಕಾರ ಪಡೆದವು ಕೇವಲ 14, ಕೊನೆಯದು 1970ರಲ್ಲಿ. ಆದರೂ ಚರ್ಚೆಗೆ ಬಂದ ಮಸೂದೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ.