ಹಳದಿ, ಅರಿಷಿಣ, ಪಿವಳಾ: ಸಾಂಗ್ಲಿ ಪೇಟೆಯಿಂದ ಒಂದು ಟಿಪ್ಪಣಿ

ಸಾಂಗ್ಲಿವಾಡಿಯಿಂದ ಐರ್ವಿನ್ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸಾಂಗ್ಲಿ. ಅಥಣಿ, ರಾಯಬಾಗ, ಗೋಕಾಕ ಕಡೆಯ ಕನ್ನಡ ರೈತರೂ ತಮ್ಮ ಅರಿಷಿಣವನ್ನು ತರುವ ಪೇಟೆ ಅದು. ಸಾಂಗ್ಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬಣ್ಣದ ಹೆಸರುಗಳ ಬಗ್ಗೆ ಬರೆಯಲು ಈ ಪೇಟೆಯನ್ನೇ ಆರಿಸಿಕೊಂಡದ್ದು ಒಂದು ವಿಚಿತ್ರ ಅದಲುಬದಲಿಗಾಗಿ.

ಮರಾಠಿಯಲ್ಲಿ ಗಡ್ಡೆ 'ಹಳದ', ಅದರ ಬಣ್ಣ 'ಪಿವಳಾ'. ಕನ್ನಡದಲ್ಲಿ ಗಡ್ಡೆ ಅರಿಷಿಣ, ಬಣ್ಣ ಹಳದಿ. ಸಂಸ್ಕೃತದ 'ಹರಿದ್ರಾ' ಪ್ರಾಕೃತದ ದಾರಿ ಹಿಡಿದು 'ಹಳದ' ಆಯಿತು. 'ಪೀತ'ದ ಕಡೆಯಿಂದ 'ಪಿವಳಾ' ಬಂತು. ಕನ್ನಡ ಈ ಎರಡರಲ್ಲಿ ಬಣ್ಣದ ಹೆಸರನ್ನು ಬಿಟ್ಟು ಗಡ್ಡೆಯ ಹೆಸರನ್ನು ತಂದುಕೊಂಡಿತು, ತಂದದ್ದನ್ನು ಬಣ್ಣಕ್ಕೆ ಇಟ್ಟಿತು. ಅಡುಗೆಮನೆಯ ಅರಿಷಿಣ ಇದ್ದಲ್ಲೇ ಉಳಿಯಿತು. ತಮಿಳಿನ 'ಮಂಜಳ್', ತೆಲುಗಿನ 'ಪಸುಪು' ಗಡ್ಡೆಗೂ ಬಣ್ಣಕ್ಕೂ ಒಂದೇ. ಅಲ್ಲಿ ಕೂಡಿಯೇ ಇರುವುದು ಕನ್ನಡ, ಮರಾಠಿಗಳಲ್ಲಿ ಎರಡಾಗಿದೆ. ಎರಡಾದ ಬಗೆ ಮಾತ್ರ ಒಂದರಂತೆ ಇನ್ನೊಂದಿಲ್ಲ.

ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರಲ್ಲಿ 98 ಭಾಷೆಗಳ ಸಾಮಗ್ರಿ ನೋಡಿ, ಮೂಲಭೂತ ಬಣ್ಣಪದಗಳ ವರ್ಗಗಳು ಹೆಚ್ಚೆಂದರೆ ಹನ್ನೊಂದು, ಅವು ಭಾಷೆಗೆ ಸೇರುವುದಕ್ಕೂ ಒಂದು ಕ್ರಮವಿದೆ ಎಂದು ವಾದಿಸಿದರು: ಕಪ್ಪು ಬಿಳುಪು ಮೊದಲು, ಆಮೇಲೆ ಕೆಂಪು, ಅದರ ಹಿಂದೆ ಹಸಿರು ಮತ್ತು ಹಳದಿ, ನಂತರ ನೀಲಿ. ಯಾವ ಪದ ಮೂಲಭೂತ ಎಂದು ತೀರ್ಮಾನಿಸಲು ಅವರು ಕೆಲವು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದರು. ಅನುಮಾನ ಬಂದಾಗ ನೋಡಬೇಕಾದವುಗಳಲ್ಲಿ ಒಂದು, ಆ ಪದ ಯಾವುದಾದರೂ ವಸ್ತುವಿನ ಹೆಸರೂ ಆಗಿದೆಯೇ ಎಂಬುದು. ಇನ್ನೊಂದು, ಅದು ಈಚೆಗೆ ಬಂದ ಎರವಲೇ ಎಂಬುದು. ಮೈಸೂರಿನ ಕನ್ನಡಿಗನ ಕಿವಿಗೆ 'ಹಳದಿ' ಯಾವ ವಸ್ತುವಿನ ಹೆಸರೂ ಅಲ್ಲ, ಬರೀ ಬಣ್ಣ. ವಸ್ತುವಿನ ಒರೆಗಲ್ಲಿನಲ್ಲಿ ಅದು ತಕರಾರಿಲ್ಲದೆ ಗೆಲ್ಲುತ್ತದೆ. ಆದರೆ ಬೆಳಗಿನಿಂದ ಸಂಜೆವರೆಗೆ ಎರಡೂ ಭಾಷೆ ಆಡುವ ಸಾಂಗ್ಲಿ, ಮಿರಜದ ಕನ್ನಡಿಗನಿಗೆ 'ಹಳದಿ'ಯ ಒಳಗೆ 'ಹಳದ' ಸ್ಪಷ್ಟವಾಗಿಯೇ ಕೇಳಿಸಬೇಕು. ಅವನ ಬಾಯಲ್ಲಿ ಅದೇ ಪದ ಮೂಲಭೂತವೋ ಅಲ್ಲವೋ? ಪದದ ಪಾರದರ್ಶಕತೆ ನಿಘಂಟಿನಲ್ಲಿ ಇರುವುದಿಲ್ಲ, ಆಡುವವನಿಗೆ ಇನ್ನಾವ ಭಾಷೆ ಬರುತ್ತದೆ ಎಂಬುದರಲ್ಲಿ ಇರುತ್ತದೆ ಎಂಬುದು ನನ್ನ ನಿಲುವು. ಒಂದು ಭಾಷೆಯನ್ನು ಒಂಟಿಯಾಗಿ ನಿಲ್ಲಿಸಿ ಅದರ ಬಣ್ಣ ಎಣಿಸುವ ವಿಧಾನ ಗಡಿಸೀಮೆಗೆ ಸಾಲದು.

ಇದೇ ಸೀಮೆಯ ಕುಪವಾಡದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾಶಾಸ್ತ್ರದಲ್ಲಿ ಪ್ರಸಿದ್ಧ. ಆ ಊರಿನಲ್ಲಿ ಕನ್ನಡ ಮುಖ್ಯವಾಗಿ ಜೈನರದು, ಉರ್ದು ಮುಸಲ್ಮಾನರದು, ತೆಲುಗು ಹಗ್ಗ ಹೊಸೆಯುವವರದು, ಜೊತೆಗೆ ಮರಾಠಿ. ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯುತ್ತಿತ್ತು, ಪದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದಿದ್ದವು. ಅಲ್ಲಿಯ ಮರಾಠಿ ಕನ್ನಡದಂತೆ ಲಿಂಗವನ್ನು ಅರ್ಥಕ್ಕೆ ಕಟ್ಟಿಕೊಂಡಿತ್ತು: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ. ಬಣ್ಣಪದಕ್ಕೂ ಇದು ತಟ್ಟುತ್ತದೆ. ಶಿಷ್ಟ ಮರಾಠಿಯಲ್ಲಿ 'ಹಳದ' ಸ್ತ್ರೀಲಿಂಗ, ಹಾಗಾಗಿ ಅದು 'ಪಿವಳೀ'. ಕುಪವಾಡದ ನಿಯಮದಂತೆ ನಪುಂಸಕ ರೂಪವೇ ಬರಬೇಕು. ಕನ್ನಡದಲ್ಲಿ ಸೀರೆಯೂ ಹಳದಿ, ಗೋಡೆಯೂ ಹಳದಿ. ಬಣ್ಣಕ್ಕೆ ಲಿಂಗದ ಹಂಗಿಲ್ಲ.

ಹಸಿರಿನ ಕಥೆ ಇನ್ನೂ ಆಳದ್ದು. ಕನ್ನಡದ ಹಸಿ, ಹಸಿರು, ತೆಲುಗಿನ ಪಚ್ಚಿ, ಪಚ್ಚ, ಪಸುಪು ಎಲ್ಲ ಒಂದೇ ದ್ರಾವಿಡ ಬೇರಿನವು. ಆ ಬೇರು ಕನ್ನಡದಲ್ಲಿ ಎಲೆಯ ಬಣ್ಣವಾಯಿತು, ತೆಲುಗಿನಲ್ಲಿ ಅರಿಷಿಣವಾಯಿತು. 'ಪಚ್ಚ'ಕ್ಕೆ ಹಳದಿಯ ಅರ್ಥವೂ ಇರುವುದರಿಂದ ತೆಲುಗರು ಹಸಿರಿಗೆ 'ಆಕು' ಸೇರಿಸಿ 'ಆಕುಪಚ್ಚ' ಎನ್ನುತ್ತಾರೆ. ಅತ್ತ ಆರ್ಯಭಾಷೆಗಳಲ್ಲೂ ಇದೇ ನಡೆದಿದೆ. 'ಹರಿ' ಎಂಬ ಸಂಸ್ಕೃತ ಪದ ಹಳದಿಯಿಂದ ಹಸಿರಿನವರೆಗೆ ಹರಡಿಕೊಂಡಿದೆ. ಆ ಕಡೆಯಿಂದಲೇ 'ಹರಿದ್ರಾ', ಆ ಕಡೆಯಿಂದಲೇ 'ಹರಿತ', ಅದರ ಹಿಂದೆ ಮರಾಠಿಯ 'ಹಿರವಾ'. ಸಂಬಂಧವಿಲ್ಲದ ಎರಡು ಭಾಷಾಕುಲಗಳಲ್ಲಿ ಅರಿಷಿಣವೂ ಹಸಿರೂ ಒಂದೇ ಬೇರಿನಿಂದ ಹುಟ್ಟಿವೆ. ಇದನ್ನು ಮೊದಲು ಗಮನಿಸಿದಾಗ ನನಗೆ ಆದ ಸಂತೋಷ ಇನ್ನೂ ಆರಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪದ ಒಂದೇ ಇತ್ತೆಂದರೆ ಕಣ್ಣಿಗೆ ಬಣ್ಣ ಒಂದೇ ಕಂಡಿತೆಂದಲ್ಲ. 1858ರಲ್ಲಿ ಬ್ರಿಟಿಷ್ ರಾಜಕಾರಣಿ ಗ್ಲ್ಯಾಡ್‌ಸ್ಟನ್ ಹೋಮರನ ಬಣ್ಣಪದಗಳನ್ನು ಓದಿ, ಆ ಕಾಲದ ಗ್ರೀಕರ ವರ್ಣದೃಷ್ಟಿಯೇ ಪೂರ್ತಿ ಬೆಳೆದಿರಲಿಲ್ಲವೆಂಬ ತೀರ್ಮಾನಕ್ಕೆ ಹೋದ. ಆ ತಪ್ಪನ್ನು ಮತ್ತೆ ಮಾಡಬೇಕಿಲ್ಲ. ಕನ್ನಡದ 'ಹಸಿ' ನೋಡಿದರೆ ಉತ್ತರ ಬೇರೆ ಕಡೆ ಸಿಗುತ್ತದೆ. ಮರಾಠಿಯ 'ಹಿರವೀ ಮಿರಚಿ' ಕಾಯಿಯ ಬಣ್ಣ ಹೇಳುತ್ತದೆ. ನಮ್ಮ ಹಸಿ ಮೆಣಸಿನಕಾಯಿ ಬಣ್ಣ ಹೇಳುವುದಿಲ್ಲ, ಅದು ಒಣಗಿಲ್ಲ, ನೀರಿನಂಶ ಇನ್ನೂ ಇದೆ ಎನ್ನುತ್ತದೆ. ಹಸಿ ಮಣ್ಣು, ಹಸಿ ಗೋಡೆ, ಹಸಿ ಗಾಯ ಯಾವುದೂ ಹಸಿರಲ್ಲ. ಹೊಲದಿಂದ ಆಗಷ್ಟೇ ಕಿತ್ತ ಗಡ್ಡೆಗೆ ಮರಾಠಿಯಲ್ಲಿ 'ಓಲೀ ಹಳದ', ಒದ್ದೆ ಅರಿಷಿಣ. ಕನ್ನಡದಲ್ಲಿ ಹಸಿ ಅರಿಷಿಣ. ಮುರಿದರೆ ಒಳಗೆ ಕಿತ್ತಳೆ ಬಣ್ಣ, ಹೆಸರಿನಲ್ಲಿ ಹಸಿರಿನ ಬೇರು. ಬೇಯಿಸಿ, ಬಿಸಿಲಿಗೆ ಹಾಕಿ, ಉಜ್ಜಿ ಹೊಳಪು ಕೊಟ್ಟ ಮೇಲೆ ಆ 'ಹಸಿ' ಹೋಗುತ್ತದೆ, ಬಣ್ಣ ಉಳಿಯುತ್ತದೆ. ಆ ಬೇರು ಮೊದಲಿಗೆ ಹೇಳಿದ್ದು ಜೀವರಸವನ್ನೇ, ಬಣ್ಣ ಅದರ ಬೆನ್ನಿಗೆ ಬಂತು ಎಂದು ನಾನು ಓದುತ್ತೇನೆ.

ವಸ್ತುವನ್ನು ಬಿಟ್ಟು ಬಣ್ಣ ಬೇರೆಯಾಗುವುದಕ್ಕೆ ಕುಂಕುಮ ಇನ್ನೊಂದು ಸಾಕ್ಷಿ. ಸಂಸ್ಕೃತದಲ್ಲಿ ಕುಂಕುಮ ಎಂದರೆ ಕೇಸರಿ. ಅರಿಷಿಣದ ಪುಡಿಗೆ ಸುಣ್ಣದಂಥ ಕ್ಷಾರ ಸೇರಿದಾಗ ಅದರಲ್ಲಿನ ಕರ್ಕ್ಯುಮಿನ್ ಕೆಂಪಾಗುತ್ತದೆ, ಹಾಗೆ ಮಾಡಿದ ಪುಡಿಗೂ ಕುಂಕುಮವೆಂದೇ ಹೆಸರು. ಮರಾಠಿಯ 'ಹಳದೀ-ಕುಂಕೂ', ಕನ್ನಡದ ಅರಿಷಿಣ-ಕುಂಕುಮ ಎರಡರಲ್ಲೂ ಒಂದೇ ಗಡ್ಡೆ ಎರಡು ಬಣ್ಣದಲ್ಲಿ ಬಟ್ಟಲಿಗೆ ಬರುತ್ತದೆ.

ಮುಂದೆ ಆಗಬೇಕಾದ ಕೆಲಸ ಚಿಕ್ಕದು. ವಿಶ್ವ ವರ್ಣ ಸಮೀಕ್ಷೆ 110 ಭಾಷೆಗಳಲ್ಲಿ 330 ಬಣ್ಣದ ಚೌಕಗಳನ್ನು ತೋರಿಸಿ ಹೆಸರು ಕೇಳಿತು. ಸಾಂಗ್ಲಿವಾಡಿ, ಹರಿಪುರ, ಮಿರಜಗಳಲ್ಲಿ ಚೌಕಗಳ ಪಕ್ಕದಲ್ಲಿ ಮುರಿದ ಗಡ್ಡೆ, ಒಣಗಿದ ಕೊಂಬು, ಪುಡಿಗಳನ್ನೂ ಇಡಬೇಕು. ಒಬ್ಬರನ್ನೇ ಒಂದು ದಿನ ಮರಾಠಿಯಲ್ಲಿ, ಇನ್ನೊಂದು ದಿನ ಕನ್ನಡದಲ್ಲಿ ಕೇಳಬೇಕು. 'ಪಿವಳಾ' ಎಂದು ತೋರಿಸಿದ ಚೌಕಗಳೂ 'ಹಳದಿ' ಎಂದು ತೋರಿಸಿದ ಚೌಕಗಳೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ, ಇಲ್ಲ 'ಹಳದಿ' ಎಂದಾಗ ಬೆರಳು ಗಡ್ಡೆಯ ಕಿತ್ತಳೆಯ ಕಡೆಗೆ ಸ್ವಲ್ಪ ವಾಲುತ್ತದೆಯೇ, ಅದನ್ನು ಬರೆದಿಟ್ಟುಕೊಳ್ಳಬೇಕು.