ಒಬ್ಬರ ಎಂಜಲು, ಇಡೀ ವಂಶದ ಗುಟ್ಟು

ಅಂಚೆಯಲ್ಲಿ ಬಂದ ಪ್ಲಾಸ್ಟಿಕ್ ನಳಿಕೆಯೊಳಗೆ ಗೆರೆ ಮುಟ್ಟುವಷ್ಟು ಎಂಜಲು ಉಗುಳಿ, ಮುಚ್ಚಳ ಬಿಗಿದು ಕಳಿಸಿದರೆ ಕೆಲವು ವಾರಗಳಲ್ಲಿ ವರದಿ ಕೈಗೆ ಬರುತ್ತದೆ. ಗ್ರಾಹಕರು ನೇರವಾಗಿ ಕೊಳ್ಳುವ ಡಿಎನ್‌ಎ ಪರೀಕ್ಷೆಗೆ ಅವರು ಮಾಡಬೇಕಾದ್ದು ಇಷ್ಟೇ. ವಂಶಾವಳಿಯ ಕುತೂಹಲದಿಂದ ಹುಟ್ಟಿದ ಉದ್ಯಮವಿದು. 2000ದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶುರುವಾದ ಫ್ಯಾಮಿಲಿಟ್ರೀಡಿಎನ್‌ಎ ಮೊದಮೊದಲು ಓದುತ್ತಿದ್ದುದು ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮನ್ನು ಮತ್ತು ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು. 2007ರಲ್ಲಿ 23ಅಂಡ್‌ಮಿ ಕಂಪನಿ ಆರೋಗ್ಯದ ಸುಳಿವುಗಳನ್ನೂ ಸೇರಿಸಿ 999 ಡಾಲರಿಗೆ ಕಿಟ್ ಮಾರತೊಡಗಿತು. ಐದೇ ವರ್ಷಗಳಲ್ಲಿ ಬೆಲೆ 99 ಡಾಲರಿಗೆ ಇಳಿಯಿತು.

ಈ ಅಗ್ಗದ ಪರೀಕ್ಷೆಗೆ ಒಂದು ಮಿತಿಯಿದೆ. ನಮ್ಮ 300 ಕೋಟಿ ಡಿಎನ್‌ಎ ಅಕ್ಷರಗಳಲ್ಲಿ ಪರೀಕ್ಷೆಗೆ ಬಳಸುವ ಚಿಪ್ ನೋಡುವುದು ಆರೇಳು ಲಕ್ಷ ಜಾಗಗಳನ್ನು ಮಾತ್ರ. ಫಲಿತಾಂಶಗಳ ನಿಖರತೆಗೆ ಸಾಕಷ್ಟು ಪುರಾವೆಯಿಲ್ಲವೆಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 23ಅಂಡ್‌ಮಿಯ ಆರೋಗ್ಯ ವರದಿಗಳಿಗೆ ತಡೆ ಹಾಕಿತು. ಆಮೇಲೆ ಒಂದೊಂದಾಗಿ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ಜೀನುಗಳ ಮೂರು ರೂಪಾಂತರಗಳ ಸರದಿ. ಈ ಮೂರೂ ಹೆಚ್ಚಾಗಿ ಕಾಣುವುದು ಅಶ್ಕೆನಾಜಿ ಯಹೂದಿಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡತಿಯೊಬ್ಬಳಿಗೆ ‘ಪತ್ತೆಯಾಗಿಲ್ಲ’ ಎಂಬ ವರದಿ ಬಂದರೆ ಅವಳು ನಿಶ್ಚಿಂತಳಾಗುವಂತಿಲ್ಲ. ಬಿಆರ್‌ಸಿಎ ದೋಷಗಳು ಸಾವಿರಾರು ಬಗೆಯವು. ಹಾಗೆಂದು ಪ್ರಯೋಜನವೇ ಇಲ್ಲವೆಂದಲ್ಲ. ದತ್ತು ಹೋದ ಅನೇಕರಿಗೆ ಹೆತ್ತವರು ಸಿಕ್ಕಿದ್ದಾರೆ. ಅಪಾಯದ ಸುಳಿವು ಸಿಕ್ಕವರು ಆಸ್ಪತ್ರೆಯಲ್ಲಿ ಅದನ್ನು ಖಚಿತಪಡಿಸಿಕೊಂಡು ಸಕಾಲಕ್ಕೆ ಎಚ್ಚೆತ್ತಿದ್ದಾರೆ.

ನಮ್ಮಲ್ಲಂತೂ ಜೀನ್ ಪರೀಕ್ಷೆಯ ಲಾಭ ಇನ್ನೂ ಹೆಚ್ಚಿರಬಹುದು. ತಲೆಮಾರುಗಳಿಂದ ಒಳಗೊಳಗೇ ಮದುವೆಯಾದ ಸಮುದಾಯಗಳಲ್ಲಿ ಕೆಲವು ಜೀನ್ ದೋಷಗಳು ಹೆಚ್ಚಾಗಿ ಉಳಿದುಬಿಡುತ್ತವೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಕಿಣ್ವ ಕಡಿಮೆ. ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಬೇರೆಯವರಲ್ಲಿ ಕೆಲವೇ ನಿಮಿಷಕ್ಕೆ ಇಳಿದರೆ, ಇವರಲ್ಲಿ ಗಂಟೆಗಟ್ಟಲೆ ನಿಂತು ಉಸಿರಾಟಕ್ಕೇ ಕುತ್ತು ತರಬಹುದು. ಇದು ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ, ಅಷ್ಟೇ. ಒಂದು ಜೀವ ಉಳಿಯುತ್ತದೆ.

ಆದರೆ ನಂಟನ್ನು ತೋರಿಸಬಲ್ಲ ದತ್ತಾಂಶ ಬೇರೆಯವರ ಕೈಗೂ ಸಿಗಬಹುದು. 1970–80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾವನ್ನು ನಡುಗಿಸಿದ ಸರಣಿ ಹಂತಕ ಜೋಸೆಫ್ ಡಿಆಂಜೆಲೊ 2018ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದ. ಅವನೇನೂ ಎಂಜಲು ಕಳಿಸಿರಲಿಲ್ಲ. ದೂರದ ದಾಯಾದಿಗಳ ಡಿಎನ್‌ಎ ವಿವರ ಹಿಡಿದು, ವಂಶವೃಕ್ಷದ ಕೊಂಬೆಗಳನ್ನು ಜೋಡಿಸುತ್ತಾ ಪೊಲೀಸರು ಅವನ ಮನೆ ಬಾಗಿಲಿಗೆ ಬಂದರು. ಆತ ಸಿಕ್ಕಿದ್ದು ನ್ಯಾಯವೇ. ಆದರೆ ಅದೇ ದಾರಿಯಲ್ಲಿ ಯಾವ ತಪ್ಪೂ ಮಾಡದ ಯಾರನ್ನಾದರೂ ಹುಡುಕಬಹುದು. ಯುರೋಪ್ ಮೂಲದ ಅಮೆರಿಕನ್ನರಲ್ಲಿ ಶೇ 60ರಷ್ಟು ಮಂದಿಗೆ ಇಂಥ ದತ್ತಾಂಶ ಕೋಶದಲ್ಲಿ ಮೂರನೇ ತಲೆಯ ದಾಯಾದಿ ಅಥವಾ ಅದಕ್ಕಿಂತ ಹತ್ತಿರದವರು ಸಿಗುತ್ತಾರೆಂದು ಅದೇ ವರ್ಷ ವಿಜ್ಞಾನಿ ಯಾನಿವ್ ಎರ್ಲಿಕ್ ಅವರ ತಂಡ ಲೆಕ್ಕ ಹಾಕಿತು.

2023ರಲ್ಲಿ ಕಳ್ಳರ ಸರದಿ. ಬೇರೆಡೆ ಸೋರಿದ ಪಾಸ್‌ವರ್ಡ್‌ಗಳಿಂದ ಅವರು 23ಅಂಡ್‌ಮಿಯಲ್ಲಿ ತೆರೆದದ್ದು ಸುಮಾರು 14,000 ಖಾತೆಗಳನ್ನು. ನೆಂಟರನ್ನು ತೋರಿಸುವ ಸೌಲಭ್ಯದಿಂದಾಗಿ ಸುಮಾರು 69 ಲಕ್ಷ ಜನರ ವಿವರ ಹೋಯಿತು. ಅಶ್ಕೆನಾಜಿ ಯಹೂದಿಗಳು, ಚೀನೀ ಮೂಲದವರು ಎಂದು ಬೇರ್ಪಡಿಸಿದ ಪಟ್ಟಿಗಳು ಮಾರಾಟಕ್ಕೆ ಬಂದವು. ಜಾತಿ ಹಿಡಿದು ಮನುಷ್ಯರನ್ನು ವಿಂಗಡಿಸುವ ನಾಡಿನವರು ಇದನ್ನು ಓದಿ ಬೆಚ್ಚಬೇಕು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಒಂದೂವರೆ ಕೋಟಿ ಗ್ರಾಹಕರ ವಂಶವಾಹಿ ಮಾಹಿತಿಯೇ ಆಸ್ತಿಯಾಗಿ ಹರಾಜಿಗೆ ಬಂತು. ಕೊನೆಗೆ ಸಹ ಸಂಸ್ಥಾಪಕಿ ಆ್ಯನ್ ವೊಜಿಸ್ಕಿಯವರ ಲಾಭರಹಿತ ಸಂಸ್ಥೆ 30.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಅಮೆರಿಕದ 2008ರ ಕಾಯ್ದೆ ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ಜೀನ್ ಆಧಾರಿತ ತಾರತಮ್ಯವನ್ನು ತಡೆಯುತ್ತದೆ. ಜೀವ ವಿಮೆ ಅದರ ವ್ಯಾಪ್ತಿಯಲ್ಲಿಲ್ಲ. ಭಾರತದಲ್ಲಿ 2019ರ ದತ್ತಾಂಶ ಮಸೂದೆ ವಂಶವಾಹಿ ಮಾಹಿತಿಯನ್ನು ಸೂಕ್ಷ್ಮವೆಂದು ಪ್ರತ್ಯೇಕವಾಗಿ ಹೆಸರಿಸಿತ್ತು. 2023ರಲ್ಲಿ ಬಂದ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ: ಫೋನ್ ನಂಬರಿಗೂ ಜೀನಿಗೂ ಒಂದೇ ಪಟ್ಟ. ಒಪ್ಪಿಗೆ ಕೊಡುವ, ಅಳಿಸಿ ಎಂದು ಕೇಳುವ ಹಕ್ಕು ಎಂಜಲು ಕೊಟ್ಟವರದು. ಅವರ ತಂಗಿ, ಮಗ, ಚಿಕ್ಕಪ್ಪನ ಮಾತಿಗೆ ಅಲ್ಲಿ ಜಾಗವಿಲ್ಲ. ಕೈಬಿಟ್ಟ ಆ ವರ್ಗವನ್ನು ಸಂಸತ್ತು ಮರಳಿ ಸೇರಿಸಬೇಕು. ಕಂಪನಿ ಕೈ ಬದಲಾದಾಗ ಹೊಸದಾಗಿ ಒಪ್ಪಿಗೆ ಪಡೆಯುವುದನ್ನೂ ಕಡ್ಡಾಯ ಮಾಡಬೇಕು.